ಕೊಕ್ಕೆ ನೋಡಿ ಸ್ಪ್ರಿಂಗ್ ತಗೊಳ್ರಿ

ಎಳೆಯೋ ಸ್ಪ್ರಿಂಗ್ ಮುರಿಯೋದು ನಡುವೆ ಅಲ್ಲ, ಕೊಕ್ಕೆ ಹತ್ರ. ಎಕ್ಸ್‌ಟೆನ್ಷನ್ ಸ್ಪ್ರಿಂಗ್ ಅಂತ ಕ್ಯಾಟಲಾಗ್‌ನಲ್ಲಿ ಬರೀತಾರೆ, ನಮ್ಮ ದಾವಣಗೆರೆ ಅಂಗಡಿಗಳಲ್ಲಿ ಟೆನ್ಷನ್ ಸ್ಪ್ರಿಂಗ್ ಅಂತ ಕೇಳ್ತಾರೆ, ಎರಡೂ ಒಂದೇ. ಟ್ರ್ಯಾಕ್ಟರ್ ಕಲ್ಟಿವೇಟರ್‌ದು ಇರ್ಲಿ, ಬೈಕ್ ಸ್ಟ್ಯಾಂಡಿಂದು ಇರ್ಲಿ, ಮೆಕ್ಕೆಜೋಳ ಒಕ್ಕೋ ಮಷಿನ್‌ನಲ್ಲಿ ಬೆಲ್ಟ್ ಬಿಗಿ ಹಿಡಿಯೋದು ಇರ್ಲಿ, ನಮ್ಮ ಶೆಡ್ಡಿಗೆ ಮುರಿದು ಬರೋದ್ರಲ್ಲಿ ಹೆಚ್ಚು ಕಮ್ಮಿ ಎಲ್ಲವೂ ಒಂದೇ ಜಾಗದಲ್ಲಿ ಮುರಿದಿರ್ತವೆ. ಸುತ್ತುಗಳೆಲ್ಲ ಚೆನ್ನಾಗೇ ಇರ್ತವೆ, ಬಣ್ಣ ಕೂಡ ಹೋಗಿರಲ್ಲ, ಕೊನೇ ಸುತ್ತಿಂದ ಕೊಕ್ಕೆ ಎದ್ದು ನಿಲ್ಲೋ ಆ ತಿರುವಿನಲ್ಲಿ ಮಾತ್ರ ಕಟ್ ಆಗಿರುತ್ತೆ. ಆದ್ರೂ ಹೊಸದು ತಗೊಳ್ಳೋವಾಗ ಜನ ನೋಡೋದು ಏನನ್ನ? ದಪ್ಪ ಇದೆಯಾ, ಉದ್ದ ಸರಿ ಇದೆಯಾ, ಕೈಯಲ್ಲಿ ಎಳೆದ್ರೆ ಗಟ್ಟಿ ಇದೆಯಾ ಅಷ್ಟೇ. ಕೊಕ್ಕೆ ಕಡೆ ಕಣ್ಣು ಹಾಯಿಸೋರೇ ಇಲ್ಲ. ಈ ವಿಷಯ ಒಂದ್ಸಲ ಪೂರ್ತಿ ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಯಾಕಂದ್ರೆ ಇದೇ ಸ್ಪ್ರಿಂಗ್ ಈಗ ಮನೆ ಒಳಗೂ ಬಂದಿದೆ, ಮಕ್ಕಳ ಜೋಲಿಗೆ, ಹಾಲ್‌ನಲ್ಲಿ ತೂಗೋ ಉಯ್ಯಾಲೆಗೆ. ಅಲ್ಲಿ ಮುರಿದ್ರೆ ಹೋಗೋದು ಬರೀ ಸ್ಪ್ರಿಂಗಿನ ದುಡ್ಡಲ್ಲ.

ಮೊದಲು ಮುರಿದ ತುಂಡನ್ನ ಕೈಗೆ ತಗೊಂಡು ನೋಡೋಣ. ಬಿಸಿಲಿಗೆ ಹಿಡಿದು ಮುರಿದ ಮುಖ ನೋಡಿದ್ರೆ ಅದು ಎರಡು ಥರ ಕಾಣುತ್ತೆ. ಒಂದು ಕಡೆ ನುಣ್ಣಗೆ, ಸ್ವಲ್ಪ ಕಪ್ಪಗೆ ಅಥವಾ ತುಕ್ಕು ಹಿಡಿದು ಕಂದು ಬಣ್ಣ, ಇನ್ನೊಂದು ಕಡೆ ಒರಟು, ಬೆಳ್ಳಗೆ ಹೊಳೆಯುತ್ತೆ. ನುಣ್ಣಗಿರೋ ಭಾಗ ಹಳೇ ಬಿರುಕು, ಅದು ಕೊಕ್ಕೆ ತಿರುವಿನ ಒಳಮೈಯಲ್ಲಿ ಕೂದಲೆಳೆಯಷ್ಟು ಶುರುವಾಗಿ ಪ್ರತಿ ಎಳೆತಕ್ಕೂ ಒಂಚೂರು ಒಂಚೂರು ಒಳಗೆ ಹೋಗಿರುತ್ತೆ. ತುಕ್ಕು ಕಂಡ್ರೆ ಆ ಬಿರುಕು ಬಾಯಿ ಬಿಟ್ಟು ತುಂಬಾ ದಿನ ಆಗಿ ಒಳಗೆ ತೇವ ಹೋಗಿದೆ ಅಂತ ಅರ್ಥ. ಬೆಳ್ಳಗಿರೋದು ಕೊನೇ ಗಳಿಗೆಯಲ್ಲಿ ಉಳಿದ ತಂತಿ ತಡೆಯೋಕಾಗದೆ ಟಪ್ ಅಂತ ಹೋದ ಭಾಗ. "ನಿನ್ನೆ ತನಕ ಚೆನ್ನಾಗೇ ಇತ್ತಣ್ಣ, ಇವತ್ತು ಇದ್ದಕ್ಕಿದ್ದಂಗೆ ಮುರೀತು" ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಆ ಮುಖ ನೋಡಿದ್ರೆ ಎಷ್ಟೋ ದಿನದಿಂದ ಮುರೀತಾನೇ ಇತ್ತು ಅಂತ ಗೊತ್ತಾಗುತ್ತೆ. ಲೋಹ ದಣಿಯೋದು ಅಂದ್ರೆ ಇದೇ, ಇಂಜಿನಿಯರ್‌ಗಳು ಫೆಟೀಗ್ ಅಂತಾರೆ.

ಕೊಕ್ಕೆಯಲ್ಲೇ ಯಾಕೆ? ಸ್ಪ್ರಿಂಗ್ ಎಳೆದಾಗ ಅದರ ತಂತಿ ಉದ್ದಕ್ಕೆ ಹಿಗ್ಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಹಂಗಲ್ಲ. ಸುತ್ತು ಒಂದಕ್ಕೊಂದು ದೂರ ಆಗೋವಾಗ ತಂತಿ ತನ್ನ ಮೇಲೆ ತಾನೇ ತಿರುಚಿಕೊಳ್ಳುತ್ತೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಆ ತಿರುಚು ಎಲ್ಲಾ ಸುತ್ತಿಗೂ ಸಮನಾಗಿ ಹಂಚಿ ಹೋಗುತ್ತೆ, ಹಂಗಾಗಿ ನಡುವಿನ ಭಾಗ ಆರಾಮಾಗಿರುತ್ತೆ. ಕೊಕ್ಕೆಗೆ ಬಂದಾಗ ಕಥೆ ಬೇರೆ. ಅಲ್ಲಿ ತಂತಿ ಬಾಗುತ್ತೆ, ಜೊತೆಗೆ ತಿರುಚಿಕೊಳ್ಳುತ್ತೆ, ಮೇಲಿಂದ ನೇರ ಎಳೆತ ಬೇರೆ. ಈ ಮೂರೂ ಒಟ್ಟಿಗೆ ಬಂದು ಬೀಳೋ ಜಾಗ ಆ ತಿರುವು. ತಿರುವು ಚೂಪಾಗಿದ್ದಷ್ಟೂ ಬಲ ಒಂದೇ ಬಿಂದುವಿಗೆ ಸೇರಿಕೊಳ್ಳುತ್ತೆ. ಕೊಕ್ಕೆ ಬಗ್ಗಿಸೋವಾಗ ಇಕ್ಕಳದ ಹಲ್ಲು ಕಚ್ಚಿದ ಗುರುತು ಏನಾದ್ರೂ ಅಲ್ಲಿ ಉಳಿದಿದ್ರೆ ಮುಗೀತು, ಬಿರುಕಿಗೆ ಜಾಗ ನಾವೇ ಮಾಡಿಕೊಟ್ಟಂಗೆ.

ಅದಕ್ಕೇ ನಾನು ಹೊಸ ಸ್ಪ್ರಿಂಗ್ ಕೈಗೆ ಬಂದ ತಕ್ಷಣ ನೋಡೋದು ಆ ತಿರುವನ್ನ. ಒಳಬಾಗು ಕಡೇಪಕ್ಷ ತಂತಿ ದಪ್ಪದಷ್ಟಾದ್ರೂ ದುಂಡಗಿರಬೇಕು, ಇನ್ನೂ ದೊಡ್ಡದಿದ್ರೆ ಇನ್ನೂ ಒಳ್ಳೇದು. ಬೆರಳ ತುದಿ ಹಾಕಿ ಸವರಿದ್ರೆ ಗೀರು, ಕಚ್ಚು ಏನೂ ಸಿಗಬಾರದು. ಒಳ್ಳೇ ತಯಾರಕರು ಭಾರದ ಕೆಲಸಕ್ಕೆ ಕೊನೇ ಎರಡು ಮೂರು ಸುತ್ತನ್ನ ಸಣ್ಣ ಮಾಡ್ತಾ ಬಂದು ಆಮೇಲೆ ಕೊಕ್ಕೆ ತೆಗೀತಾರೆ, ಸುತ್ತು ಸಣ್ಣದಾದ್ರೆ ಕೊಕ್ಕೆ ಬುಡದ ಮೇಲೆ ಬೀಳೋ ತಿರುಚು ಕಮ್ಮಿ ಆಗುತ್ತೆ. ಇನ್ನೂ ಭಾರ ಇದ್ರೆ ಕೊಕ್ಕೆನೇ ಬೇಡ ಅಂತ ಸುತ್ತಿನ ಒಳಗೆ ಮರೆ (ಥ್ರೆಡ್) ಇರೋ ಪ್ಲಗ್ ತಿರುಗಿಸಿ ಅದಕ್ಕೆ ಬೋಲ್ಟ್ ಹಾಕ್ತಾರೆ. ನೋಡೋಕೆ ಇದು ಒರಟು ಕೆಲಸ, ಆದ್ರೆ ಬಾಳಿಕೆಯಲ್ಲಿ ಬಗ್ಗಿಸಿದ ಕೊಕ್ಕೆಗಿಂತ ಬಹಳ ಮೇಲು.

ನಮ್ಮಲ್ಲಿ ಎಳೆಯೋ ಸ್ಪ್ರಿಂಗಿನ ನಿಜವಾದ ಪರೀಕ್ಷೆ ನಡೆಯೋದು ಮುಂಗಾರು ಹೊತ್ತಿಗೆ. ಒಂಬತ್ತು ಹಲ್ಲಿನ ಸ್ಪ್ರಿಂಗ್ ಕಲ್ಟಿವೇಟರ್ ನೋಡಿರ್ತೀರಿ, ಪ್ರತಿ ಹಲ್ಲಿಗೂ ಎರಡೆರಡು ದಪ್ಪ ಸ್ಪ್ರಿಂಗ್ ಇರ್ತವೆ. ಹಲ್ಲು ನೆಲದಲ್ಲಿ ಓಡ್ತಾ ಕಲ್ಲಿಗೋ ಬೇರಿಗೋ ಬಡಿದ್ರೆ ಹಿಂದಕ್ಕೆ ಬಾಗಿ ಕಲ್ಲನ್ನ ದಾಟಿಕೊಂಡು ಮತ್ತೆ ಜಾಗಕ್ಕೆ ಬರಬೇಕು, ಅದಕ್ಕೇ ಆ ಸ್ಪ್ರಿಂಗ್. ಹರಿಹರ, ಹೊನ್ನಾಳಿ ಕಡೆ ಗದ್ದೆಯಲ್ಲಿ ಅದಕ್ಕೆ ಅಷ್ಟು ಕೆಲಸ ಇರಲ್ಲ. ಜಗಳೂರು ಕಡೆ, ಆಚೆ ಚಿತ್ರದುರ್ಗ ಕಡೆ ಕೆಂಪು ನೆಲದಲ್ಲಿ ಕಲ್ಲು ಜಾಸ್ತಿ, ಅಲ್ಲಿ ಒಂದು ಎಕರೆ ಹೊಡೆಯೋದ್ರೊಳಗೆ ಹಲ್ಲು ಎಷ್ಟು ಸಲ ಹಿಂದಕ್ಕೆ ಹೋಗಿ ಬರುತ್ತೋ ಲೆಕ್ಕ ಇಡೋಕಾಗಲ್ಲ. ಆ ಒಂದೊಂದು ಹೊಡೆತವೂ ಕೊಕ್ಕೆ ತಿರುವಿಗೆ ಹೋಗಿ ಸೇರುತ್ತೆ. ನಿಮ್ಮ ಹೊಲ ಅಂಥದ್ದಾದ್ರೆ ಸ್ಪ್ರಿಂಗ್ ಗಟ್ಟಿ ಮಾಡಿಸಬೇಡ್ರಿ, ಕೊಕ್ಕೆ ದುಂಡಗೆ ಮಾಡಿಸ್ರಿ. ತುಂಬಾ ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಹಲ್ಲು ಬಾಗೋದೇ ಇಲ್ಲ, ಆಗ ಹಲ್ಲಿನ ಮೊನೆ ಹೋಗುತ್ತೆ ಇಲ್ಲಾ ಫ್ರೇಮ್ ವೆಲ್ಡಿಂಗ್ ಬಿಡುತ್ತೆ.

ಇಲ್ಲಿ ಇನ್ನೊಂದು ವಿಷಯ ಹೇಳ್ಲೇಬೇಕು, ಇನಿಶಿಯಲ್ ಟೆನ್ಷನ್ ಅಂತ. ಎಳೆಯೋ ಸ್ಪ್ರಿಂಗ್ ಸುಮ್ನೆ ಇದ್ದಾಗ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರ್ತವಲ್ಲ, ಅವು ಸುಮ್ನೆ ತಾಗಿಕೊಂಡಿರಲ್ಲ, ಸುತ್ತೋವಾಗಲೇ ತಂತಿಗೆ ತಿರುಚು ಕೊಟ್ಟು ಒಂದನ್ನೊಂದು ಒತ್ತಿಕೊಂಡಿರೋ ಹಾಗೆ ಮಾಡಿರ್ತಾರೆ. ಆ ಒತ್ತಡ ಬಿಡಿಸೋವಷ್ಟು ಬಲ ಹಾಕೋ ತನಕ ಸ್ಪ್ರಿಂಗ್ ಅಲುಗಾಡಲ್ಲ. ಅದು ದಾಟಿದ ಮೇಲೆ ಮಾತ್ರ ಎಷ್ಟು ಬಲವೋ ಅಷ್ಟು ಹಿಗ್ಗು ಅನ್ನೋ ಲೆಕ್ಕ ಶುರು, 1678ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಅಚ್ಚು ಮಾಡಿ ಕೊಟ್ಟ ಲೆಕ್ಕ. ಕಲ್ಟಿವೇಟರ್ ಹಲ್ಲು ಮೆತ್ತನೆ ಮಣ್ಣಲ್ಲಿ ನಡುಗದೆ ನೇರ ನಿಲ್ಲೋದಕ್ಕೆ ಈ ಮೊದಲ ಬಿಗಿನೇ ಬೇಕು. ಇದನ್ನ ಮನೇಲೇ ನೋಡಬಹುದು. ಸ್ಪ್ರಿಂಗ್ ಒಂದು ಕೊಕ್ಕೆಗೆ ನೇತು ಹಾಕಿ ಕೆಳಗೆ ಬಕೆಟ್ ಕಟ್ಟಿ ನಿಧಾನಕ್ಕೆ ನೀರು ಹಾಕ್ತಾ ಹೋಗ್ರಿ, ಸುತ್ತಿನ ನಡುವೆ ಬೆಳಕು ಕಾಣೋಕೆ ಶುರುವಾದ ತಕ್ಷಣ ನಿಲ್ಲಿಸಿ ಬಕೆಟ್ ತೂಕ ಹಾಕ್ರಿ. ಪಕ್ಕಾ ಲ್ಯಾಬ್ ಲೆಕ್ಕ ಅಲ್ಲ ಇದು, ಆದ್ರೆ ಹಳೇ ಸ್ಪ್ರಿಂಗ್ ಪಕ್ಕ ಹೊಸದನ್ನ ಇಟ್ಟು ನೋಡೋಕೆ ಸಾಕು. ಎರಡು ಸ್ಪ್ರಿಂಗ್ ಅಳತೆಯಲ್ಲಿ ಒಂದೇ ಇದ್ದು ಈ ಮೊದಲ ಬಿಗಿಯಲ್ಲಿ ಬೇರೆ ಬೇರೆ ಇರಬಹುದು. ಒಂದೇ ಹಲ್ಲಿನ ಎಡಕ್ಕೆ ಒಂದು ಬಲಕ್ಕೆ ಒಂದು ಹಂಗೆ ಹಾಕಿಬಿಟ್ರೆ ಹಲ್ಲು ವಾಲಿಕೊಂಡೇ ಓಡುತ್ತೆ.

ಈಗ ನನಗೆ ನಿಜವಾಗ್ಲೂ ಸಿಟ್ಟು ಬರೋ ವಿಷಯ. ಕೊಕ್ಕೆ ಮುರಿದ ಸ್ಪ್ರಿಂಗ್ ತಗೊಂಡು ಹೋದ್ರೆ ಎಷ್ಟೋ ಕಡೆ ಏನ್ ಮಾಡ್ತಾರೆ, ಗ್ಯಾಸ್ ಹಚ್ಚಿ ಕೊನೇ ಸುತ್ತನ್ನ ಕೆಂಪಗೆ ಕಾಯಿಸಿ ಎಬ್ಬಿಸಿ ಹೊಸ ಕೊಕ್ಕೆ ಬಗ್ಗಿಸಿ ನೀರಿಗೆ ಅದ್ದಿ ಕೊಟ್ಟುಬಿಡ್ತಾರೆ. ಇನ್ನೂ ಕೆಲವರು ಮುರಿದ ತುದಿಗೆ ಬೇರೆ ಸರಳಿನ ಕೊಕ್ಕೆ ವೆಲ್ಡ್ ಮಾಡ್ತಾರೆ. ಕೆಲಸ ಹತ್ತು ನಿಮಿಷ, ದುಡ್ಡೂ ಕಮ್ಮಿ, ರೈತನಿಗೆ ಬಿತ್ತನೆ ಅವಸರ, ಖುಷಿಯಿಂದ ತಗೊಂಡು ಹೋಗ್ತಾನೆ. ಸ್ಪ್ರಿಂಗ್ ತಂತಿ ಹೈ ಕಾರ್ಬನ್ ಸ್ಟೀಲು, ಅದರ ಶಕ್ತಿ ಎಲ್ಲಾ ಬಂದಿರೋದು ಅಚ್ಚಿನಲ್ಲಿ ಎಳೆದು ಎಳೆದು ಸಣ್ಣ ಮಾಡಿದ್ರಿಂದ, ಇಲ್ಲಾ ಎಣ್ಣೆಯಲ್ಲಿ ಹದ ಮಾಡಿದ್ರಿಂದ. ಕೆಂಪಗೆ ಕಾಯಿಸಿದ ಕೂಡ್ಲೇ ಆ ಹದ ಹೋಯ್ತು. ನಿಧಾನಕ್ಕೆ ಆರಿದ್ರೆ ಮೆತ್ತಗಾಗಿ ಕೊಕ್ಕೆ ನೆಟ್ಟಗಾಗುತ್ತೆ, ನೀರಿಗೆ ಅದ್ದಿದ್ರೆ ಗಾಜಿನಂಗೆ ಪೆಡಸಾಗಿ ಒಡೆಯುತ್ತೆ. ವೆಲ್ಡಿಂಗೂ ಅಷ್ಟೇ, ಬೆಸುಗೆ ಗಟ್ಟಿ ಇದ್ರೂ ಪಕ್ಕದ ತಂತಿ ಹಾಳು. ಸ್ಪ್ರಿಂಗಿಗೂ ಶಾಖ ಕೊಡ್ತಾರೆ ನಿಜ, ಆದ್ರೆ ಅದು ಸುತ್ತಿ ಕೊಕ್ಕೆ ಬಗ್ಗಿಸಿ ಆದ ಮೇಲೆ ಒಲೆಯಲ್ಲಿ 250 ಡಿಗ್ರಿ ಆಸುಪಾಸು ಅರ್ಧ ಗಂಟೆ ಇಡೋದು, ಬಗ್ಗಿಸಿದಾಗ ಒಳಗೆ ಉಳಿದ ಬಿಗುವು ಇಳಿಸೋಕೆ. ಅದಕ್ಕೂ ಗ್ಯಾಸ್ ಬೆಂಕಿಗೂ ಸಂಬಂಧನೇ ಇಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣಲ್ಲ. ಸುತ್ತು ಕಮ್ಮಿ ಆದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ. ಒಂದು ಲೆಕ್ಕ ಹಾಕಿ ತೋರಿಸ್ತೀನಿ. ತಂತಿ 5 ಮಿ.ಮೀ., ಸುತ್ತಿನ ಸರಾಸರಿ ವ್ಯಾಸ 35 ಮಿ.ಮೀ., 40 ಸುತ್ತು ಅಂತ ಇಟ್ಕೊಳ್ರಿ. ಇದು ಒಂದು ಸೆಂಟಿಮೀಟರ್ ಹಿಗ್ಗೋಕೆ ಸುಮಾರು 3.7 ಕೆ.ಜಿ. ಕೇಳುತ್ತೆ, ಮೊದಲ ಬಿಗಿ ಒಂದು 14 ಕೆ.ಜಿ. ಇದ್ರೆ 10 ಸೆಂಟಿಮೀಟರ್ ಎಳೆದಾಗ ಕೊಕ್ಕೆ ಮೇಲೆ 51 ಕೆ.ಜಿ. ಬೀಳುತ್ತೆ. ಇದೇ ಸ್ಪ್ರಿಂಗ್‌ನ ಎರಡು ಮೂರು ಸಲ ಕತ್ತರಿಸಿ ರಿಪೇರಿ ಮಾಡಿ 30 ಸುತ್ತಿಗೆ ಇಳಿಸಿದ್ರೆ ಒಂದು ಸೆಂಟಿಮೀಟರ್‌ಗೆ 4.9 ಕೆ.ಜಿ. ಆಯ್ತು, ಅದೇ 10 ಸೆಂಟಿಮೀಟರ್‌ಗೆ 63 ಕೆ.ಜಿ. ಅದೂ ಉದ್ದ ಕಮ್ಮಿ ಆಗಿರೋದ್ರಿಂದ ಜಾಗಕ್ಕೆ ಕೂರಿಸೋಕೇ ಮೊದಲಿಗಿಂತ ಜಾಸ್ತಿ ಎಳೀಬೇಕು. ಅಂದ್ರೆ ಹದ ಹೋದ ಕೊಕ್ಕೆ ಮೇಲೆ ಇನ್ನೂ ಜಾಸ್ತಿ ಭಾರ. ಎರಡನೇ ಸಲ ಬೇಗ ಮುರಿಯುತ್ತೆ, ಮೂರನೇ ಸಲ ಇನ್ನೂ ಬೇಗ.

ತಂತಿ ದಪ್ಪದ ಲೆಕ್ಕ ಇದಕ್ಕಿಂತ ಜೋರು. ಸ್ಪ್ರಿಂಗಿನ ಬಿಗಿ ತಂತಿ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತೆ, ದಪ್ಪ ಎರಡು ಪಟ್ಟು ಮಾಡಿದ್ರೆ ಬಿಗಿ ಹದಿನಾರು ಪಟ್ಟು. ಸುತ್ತಿನ ವ್ಯಾಸ ಎರಡು ಪಟ್ಟು ಮಾಡಿದ್ರೆ ಬಿಗಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಈಗ ಮೇಲಿನ ಸ್ಪ್ರಿಂಗನ್ನೇ 5 ಮಿ.ಮೀ. ಬದಲು 4.5 ಮಿ.ಮೀ. ತಂತಿಯಲ್ಲಿ ಸುತ್ತಿ ಕೊಟ್ರೆ? ಕಣ್ಣಿಗೆ ವ್ಯತ್ಯಾಸನೇ ಗೊತ್ತಾಗಲ್ಲ, ಮೇಲೆ ದಪ್ಪಗೆ ಬಣ್ಣ ಬಳಿದಿದ್ರಂತೂ ಸುತರಾಂ ಇಲ್ಲ. ಆದ್ರೆ ಬಿಗಿ ಮೂರರಲ್ಲಿ ಒಂದು ಭಾಗ ಹೋಯ್ತು, ಸೆಂಟಿಮೀಟರ್‌ಗೆ 3.7 ಇದ್ದಿದ್ದು 2.4 ಕೆ.ಜಿ., ಅದೇ ಭಾರ ಹಾಕಿದ್ರೆ ತಂತಿ ಒಳಗಿನ ಒತ್ತಡ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಏರುತ್ತೆ. ಅದಕ್ಕೇ ದಪ್ಪ ಅಳೆಯೋ ವರ್ನಿಯರ್ ಇಲ್ಲದೆ ಸ್ಪ್ರಿಂಗ್ ತಗೋಬೇಡ್ರಿ ಅಂತ ನಾನು ಎಲ್ಲರಿಗೂ ಹೇಳೋದು. ಬಣ್ಣ ಕೆರೆದು ಬರೀ ಲೋಹದ ಮೇಲೆ ಅಳೀರಿ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹರಿಹರದ ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ದುಡಿದು ಬಂದೋರು, ಅವರ ಜೇಬಿನಲ್ಲಿ ಪೆನ್ನು ಇರ್ತಿತ್ತೋ ಇಲ್ವೋ ಮೈಕ್ರೋಮೀಟರ್ ಮಾತ್ರ ಇದ್ದೇ ಇರ್ತಿತ್ತು. "ಕಣ್ಣು ಸುಳ್ಳು ಹೇಳುತ್ತೆ ತಮ್ಮಾ, ಅಳದು ಮಾತಾಡು" ಅನ್ನೋರು.

ತಂತಿ ಯಾವುದು ಅಂತಾನೂ ಕೇಳ್ರಿ. ನಮ್ಮ ದೇಶದಲ್ಲಿ ಸ್ಪ್ರಿಂಗ್ ತಂತಿಗೆ ಐಎಸ್ 4454 ಅಂತ ಸ್ಟ್ಯಾಂಡರ್ಡ್ ಇದೆ. ಅದರ ಮೊದಲ ಭಾಗದಲ್ಲಿ ಎಳೆದು ಮಾಡಿದ ಕಾರ್ಬನ್ ತಂತಿಗೆ ಎಸ್‌ಎಲ್, ಎಸ್‌ಎಂ, ಎಸ್‌ಎಚ್, ಡಿಎಂ, ಡಿಎಚ್ ಅಂತ ಗ್ರೇಡ್‌ಗಳು. ಎಸ್ ಅಂದ್ರೆ ಒಂದೇ ಕಡೆ ನಿಂತ ಭಾರಕ್ಕೆ, ಡಿ ಅಂದ್ರೆ ಹೋಗಿ ಬಂದು ಮಾಡೋ ಭಾರಕ್ಕೆ. ಗೇಟ್ ಎಳೆದು ಹಿಡಿಯೋ ಸ್ಪ್ರಿಂಗಿಗೆ ಎಸ್ ಗ್ರೇಡ್ ಸಾಕು, ಕಲ್ಟಿವೇಟರ್‌ಗೆ, ಮಷಿನ್‌ಗೆ ಡಿ ಗ್ರೇಡ್ ಕೇಳಬೇಕು. ಸುತ್ತಿ ಕೊಡೋರಿಗೆ ಗ್ರೇಡ್ ಹೆಸರೇ ಗೊತ್ತಿಲ್ಲ ಅಂದ್ರೆ ಬೇರೆ ಕಡೆ ಹೋಗ್ರಿ.

ಎಸ್‌ಎಸ್, ಅಂದ್ರೆ ಸ್ಟೇನ್‌ಲೆಸ್ ಸ್ಟೀಲ್ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಓಡಾಡ್ತಿದೆ. ಅಯಸ್ಕಾಂತ ಹಿಡಿದು ನೋಡಿ ಅಂಟಿದ್ರೆ "ಇದು ಎಸ್‌ಎಸ್ ಅಲ್ಲ, ಡೂಪ್ಲಿಕೇಟ್" ಅಂತ ವಾಪಸ್ ಕೊಡ್ತಾರೆ. 304 ಅನ್ನೋ ಗ್ರೇಡಿನ ಎಸ್‌ಎಸ್ ಪಾತ್ರೆಗೆ ಅಯಸ್ಕಾಂತ ಅಂಟಲ್ಲ ನಿಜ, ಆದ್ರೆ ಅದೇ 304ನ ಸ್ಪ್ರಿಂಗ್ ತಂತಿಯಾಗಿ ಎಳೆದು ಸಣ್ಣ ಮಾಡಿದಾಗ ಅದರ ಒಳಗಿನ ರಚನೆ ಬದಲಾಗಿ ಅಯಸ್ಕಾಂತಕ್ಕೆ ಸ್ವಲ್ಪ ಅಂಟೋಕೆ ಶುರು ಮಾಡುತ್ತೆ. ಹಂಗಾಗಿ ಅಂಟಿದ ಮಾತ್ರಕ್ಕೆ ಮೋಸ ಅಲ್ಲ. ಇನ್ನೊಂದು, ಅದೇ ಅಳತೆಯ ಎಸ್‌ಎಸ್ ಸ್ಪ್ರಿಂಗ್ ಕಾರ್ಬನ್ ಸ್ಪ್ರಿಂಗಿಗಿಂತ ಸುಮಾರು 12-13 ಪರ್ಸೆಂಟ್ ಮೆತ್ತಗಿರುತ್ತೆ, ಬದಲಾಯಿಸೋವಾಗ ಅದು ಲೆಕ್ಕದಲ್ಲಿರಲಿ. ಸತು ಲೇಪನ ಮಾಡಿಸಿದ ಕಾರ್ಬನ್ ಸ್ಪ್ರಿಂಗ್ ತಗೊಂಡ್ರೆ ಲೇಪನ ಆದ ಮೇಲೆ ಬೇಕ್ ಮಾಡಿದಾರಾ ಅಂತ ಕೇಳ್ರಿ. ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಲೋಹದ ಒಳಗೆ ಸೇರಿಕೊಳ್ಳುತ್ತೆ, ಕೂಡ್ಲೇ 200 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟು ಅದನ್ನ ಹೊರಗೆ ಹಾಕದಿದ್ರೆ ಹೊಳೆಯೋ ಹೊಸ ಸ್ಪ್ರಿಂಗ್ ಭಾರ ಹಾಕಿ ಒಂದೆರಡು ದಿನಕ್ಕೆ ಸುಮ್ನೆ ನಿಂತಲ್ಲೇ ಮುರಿದು ಬೀಳಬಹುದು. ಎಲ್ಲಿ? ಕೊಕ್ಕೆ ತಿರುವಿನಲ್ಲೇ.

ಇಷ್ಟೆಲ್ಲ ಹೇಳಿದ್ದು ಕೊಕ್ಕೆ ಅನ್ನೋದು ಎಳೆಯೋ ಸ್ಪ್ರಿಂಗಿನ ಜೊತೆಗೇ ಹುಟ್ಟಿದ ದೌರ್ಬಲ್ಯ ಅಂತ ಗೊತ್ತಾಗ್ಲಿ ಅಂತ. ಎಷ್ಟೇ ಚೆನ್ನಾಗಿ ಮಾಡಿದ್ರೂ ಅದು ಒಂದು ದಿನ ದಣಿಯುತ್ತೆ. ಹೊಲದಲ್ಲಿ ಮುರಿದ್ರೆ ಹಲ್ಲು ಜೋತು ಬೀಳುತ್ತೆ, ಟ್ರ್ಯಾಕ್ಟರ್ ನಿಲ್ಲಿಸಿ ಬದಲಾಯಿಸ್ತೀವಿ. ಆದ್ರೆ ಮನುಷ್ಯ ಕೂತಿದ್ರೆ? ನಮ್ಮ ಸಂಬಂಧಿಕರೊಬ್ಬರ ಮನೇಲಿ ಗೃಹಪ್ರವೇಶ ಆದ ಮೇಲೆ ಹಾಲ್‌ನಲ್ಲಿ ಬೆತ್ತದ ಉಯ್ಯಾಲೆ ಕುರ್ಚಿ ಹಾಕಿಸಿದ್ರು, ಮೇಲೆ ಚೈನ್‌ಗೂ ಸ್ಲ್ಯಾಬ್ ಕೊಕ್ಕೆಗೂ ನಡುವೆ ಒಂದು ಎಳೆಯೋ ಸ್ಪ್ರಿಂಗ್, ಕೂತಾಗ ಹಿತವಾಗಿ ಮೇಲೆ ಕೆಳಗೆ ಆಡ್ಲಿ ಅಂತ. ಒಂದು ಸಂಜೆ ಅಜ್ಜಿ ಕೂತಿದ್ದಾಗ ಮೇಲಿನ ಕೊಕ್ಕೆ ಮುರಿದು ಕುರ್ಚಿ ಸಮೇತ ಕೆಳಗೆ ಬಂದ್ರು. ಕೆಳಗೆ ದಪ್ಪ ಜಮಖಾನ ಇತ್ತು, ಸೊಂಟದ ನೋವಲ್ಲಿ ಮುಗೀತು. ನಾನು ಹೋಗಿ ತುಂಡು ನೋಡಿದ್ರೆ ಅದೇ ನುಣ್ಣನೆ ಕಪ್ಪು ಮುಖ ಮುಕ್ಕಾಲು ಭಾಗ, ಬೆಳ್ಳಗಿರೋದು ಕಾಲು ಭಾಗ. ಅಂದ್ರೆ ಕೊನೆಕೊನೆಗೆ ಕಾಲು ಭಾಗ ತಂತಿ ಮೇಲೆ ಜನ ತೂಗ್ತಿದ್ರು. ಸ್ಪ್ರಿಂಗ್ ಮೇಲೆ ಎಷ್ಟು ಕೆ.ಜಿ. ತಡೆಯುತ್ತೆ ಅಂತ ಒಂದು ಅಕ್ಷರ ಬರೆದಿರಲಿಲ್ಲ. ಮಾರಿದೋರನ್ನ ಕೇಳಿದ್ರೆ "ಎಲ್ಲರೂ ಇದನ್ನೇ ಒಯ್ತಾರೆ" ಅಂದ್ರಂತೆ.

ಇಂಥ ಜಾಗಕ್ಕೆ ಬೇಕಾಗಿದ್ದು ಡ್ರಾಬಾರ್ ಸ್ಪ್ರಿಂಗ್. ಇದು ಹೊರಗಿನಿಂದ ಎಳೆಯೋ ಸ್ಪ್ರಿಂಗಿನ ಕೆಲಸ ಮಾಡುತ್ತೆ, ಒಳಗೆ ಮಾತ್ರ ಒತ್ತೋ ಸ್ಪ್ರಿಂಗ್. ಒಂದು ದಪ್ಪ ಕಂಪ್ರೆಷನ್ ಸ್ಪ್ರಿಂಗ್ ತಗೊಳ್ತಾರೆ, ಸುತ್ತುಗಳು ಬಿಡಿ ಬಿಡಿ ಇರೋದು. ಯು ಆಕಾರಕ್ಕೆ ಬಗ್ಗಿಸಿದ ಎರಡು ಸರಳು. ಮೇಲಿನ ಸರಳಿನ ಎರಡು ಕಾಲು ಸ್ಪ್ರಿಂಗ್ ಒಳಗಿಂದ ಪೂರ್ತಿ ಕೆಳಗೆ ಇಳಿದು ಕೆಳಗಿನ ಅಂಚನ್ನ ಹೊರಗಡೆಯಿಂದ ಕಚ್ಚಿ ಹಿಡಿಯುತ್ತೆ. ಕೆಳಗಿನ ಸರಳಿನ ಕಾಲುಗಳು ಒಳಗಿಂದ ಮೇಲಕ್ಕೆ ಹೋಗಿ ಮೇಲಿನ ಅಂಚನ್ನ ಕಚ್ಚಿಕೊಳ್ಳುತ್ತೆ. ಈಗ ಎರಡೂ ಸರಳನ್ನ ಎಳೆದ್ರೆ ಏನಾಗುತ್ತೆ? ಮೇಲಿಂದು ಕೆಳಗಿನ ಅಂಚನ್ನ ಮೇಲಕ್ಕೆ ತರುತ್ತೆ, ಕೆಳಗಿಂದು ಮೇಲಿನ ಅಂಚನ್ನ ಕೆಳಕ್ಕೆ ತರುತ್ತೆ, ನಡುವೆ ಸ್ಪ್ರಿಂಗ್ ಒತ್ತಿಕೊಳ್ಳುತ್ತೆ. ಮೊದಲ ಸಲ ನೋಡೋರಿಗೆ ಕಾಗದದ ಮೇಲೆ ಚಿತ್ರ ಬಿಡಿಸಿದ್ರೂ ತಲೆಗೆ ಹೋಗಲ್ಲ, ಕೈಗೆ ಕೊಟ್ಟು ಎಳೆಸಿದ್ರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತೆ.

ಇದ್ರಲ್ಲಿ ಎರಡು ದೊಡ್ಡ ಲಾಭ. ಒಂದು, ಎಷ್ಟು ಭಾರ ಹಾಕಿದ್ರೂ ಸುತ್ತುಗಳೆಲ್ಲ ಒಂದಕ್ಕೊಂದು ಕೂತ ಮೇಲೆ ಅಲ್ಲಿಗೆ ನಿಂತುಬಿಡುತ್ತೆ, ಅದಕ್ಕಿಂತ ಮುಂದೆ ಎಳೆಯೋಕೇ ಆಗಲ್ಲ, ಎಳೆಯೋ ಸ್ಪ್ರಿಂಗ್ ಥರ ಜಾಸ್ತಿ ಹಿಗ್ಗಿ ವಾಪಸ್ ಬರದೆ ಉಳಿಯೋ ಪ್ರಶ್ನೆ ಇಲ್ಲ. ಎರಡನೇದು ಪ್ರಾಣ ಉಳಿಸೋ ವಿಷಯ. ಸ್ಪ್ರಿಂಗ್ ಒಳಗೆ ಎಲ್ಲಾದ್ರೂ ಸುತ್ತು ಮುರಿದ್ರೂ ಭಾರ ಕೆಳಗೆ ಬೀಳಲ್ಲ. ಮುರಿದ ಎರಡು ತುಂಡೂ ಎರಡು ಸರಳಿನ ನಡುವೆ ಸಿಕ್ಕಿಹಾಕಿಕೊಂಡಿರ್ತವೆ, ಉಯ್ಯಾಲೆ ಒಂದು ಸುತ್ತಿನ ಸಂದಿನಷ್ಟು ಕೆಳಗಿಳಿದು ಟಕ್ ಅಂತ ಸದ್ದು ಮಾಡಿ ನಿಲ್ಲುತ್ತೆ. ಕೂತೋರು ಎದ್ದು ಸ್ಪ್ರಿಂಗ್ ಬದಲಾಯಿಸಬಹುದು. ಉಯ್ಯಾಲೆ, ಬಾಕ್ಸಿಂಗ್ ಬ್ಯಾಗ್, ತಲೆ ಮೇಲೆ ತೂಗೋ ಯಾವುದೇ ಭಾರ, ಇಲ್ಲೆಲ್ಲ ನಾನು ಇದನ್ನ ಬಿಟ್ಟು ಬೇರೆ ಹಾಕಿ ಅಂತ ಯಾರಿಗೂ ಹೇಳಲ್ಲ.

ಹಾಗಂತ ಎಲ್ಲಾ ಕಡೆ ಡ್ರಾಬಾರ್ ಹಾಕೋಕೂ ಬರಲ್ಲ. ಅದು ಜಾಗ ಜಾಸ್ತಿ ತಿನ್ನುತ್ತೆ, ಭಾರ ಜಾಸ್ತಿ, ರೇಟೂ ಜಾಸ್ತಿ, ಆಡೋ ದೂರ ಕಮ್ಮಿ. ಅದಕ್ಕೆ ಇನಿಶಿಯಲ್ ಟೆನ್ಷನ್ ಇರಲ್ಲ, ಸೊನ್ನೆಯಿಂದಲೇ ಆಡೋಕೆ ಶುರು, ಹಂಗಾಗಿ ಕಲ್ಟಿವೇಟರ್ ಹಲ್ಲಿಗೆ ಮೊದಲೇ ಬಿಗಿದು ಕೂರಿಸದೆ ಹಾಕಿದ್ರೆ ಹಲ್ಲು ಮೆತ್ತನೆ ಮಣ್ಣಲ್ಲೂ ತೂಗಾಡುತ್ತೆ. ಸರಳು ಸುತ್ತಿನ ಒಳಮೈಗೆ ಉಜ್ಜುತ್ತೆ, ಧೂಳು ಸೇರಿದ್ರೆ ಸವೆಯುತ್ತೆ, ಕಿರ್ ಅನ್ನುತ್ತೆ, ಅದಕ್ಕೆ ಆಗಾಗ ಸ್ವಲ್ಪ ಗ್ರೀಸ್ ಬೇಕು. ಅಕ್ಕಿ ಗಿರಣಿ ತೌಡಿನ ಧೂಳಲ್ಲಿ ಗ್ರೀಸ್ ಹಚ್ಚಿದ್ರೆ ಅದೇ ಅಂಟಾಗಿ ಹಿಡಿಯುತ್ತೆ, ಅಲ್ಲಿ ಒರೆಸಿ ಒರೆಸಿ ಹಚ್ಚಬೇಕು.

ಆ ಮನೆಗೆ ನಾನು ಡ್ರಾಬಾರ್ ಮಾಡಿಸಿ ಹಾಕಿಸಿದೆ. ಸ್ಪ್ರಿಂಗ್ ಸುತ್ತಿಸಿ ತರಿಸಿದ್ದು, ಸರಳು ಇಲ್ಲೇ ಪಿ.ಬಿ. ರೋಡಿನ ಶೆಡ್‌ನಲ್ಲಿ ಬಗ್ಗಿಸಿದ್ದು. ಒಂದು ಮಾತು, ಸ್ಪ್ರಿಂಗಿನ ಕೊಕ್ಕೆ ತಪ್ಪಿಸಿದ್ವಿ ಅಂತ ಸರಳಿನ ಕಚ್ಚನ್ನ ಅಸಡ್ಡೆ ಮಾಡಬಾರದು, ಈಗ ಭಾರ ಹೊತ್ತಿರೋದು ಅದೇ. ನಾವು ಸರಳನ್ನ ಸ್ಪ್ರಿಂಗ್ ತಂತಿಗಿಂತ ದಪ್ಪ ಹಾಕಿ, ತುದಿ ಬಾಗನ್ನ ಅಂಚಿನ ಸುತ್ತಿಗೆ ಪೂರ್ತಿ ಕೂರೋ ಹಾಗೆ ದುಂಡಗೆ ತೆಗೆದ್ವಿ. ಬರೀ ಮೊನೆ ಕಚ್ಚಿಕೊಂಡಿದ್ರೆ ಭಾರ ಬಿದ್ದಾಗ ಬಿಚ್ಚಿಕೊಳ್ಳುತ್ತೆ. ಭಾರ ಎಷ್ಟು ಲೆಕ್ಕ ಹಾಕಬೇಕು ಅಂತ ಕೇಳಬಹುದು. ನಿಧಾನಕ್ಕೆ ಕೂತ್ರೆ 80 ಕೆ.ಜಿ. ಮನುಷ್ಯ 80 ಕೆ.ಜಿ.ನೇ, ಒಮ್ಮೆಲೇ ಮೈ ಬಿಟ್ಟು ಕೂತ್ರೆ ಸ್ಪ್ರಿಂಗಿಗೆ ಆ ಕ್ಷಣಕ್ಕೆ 160 ಕೆ.ಜಿ. ಥರ ಅನ್ನಿಸುತ್ತೆ, ಮಕ್ಕಳು ಹಾರಿ ಕೂತ್ರೆ ಇನ್ನೂ ಜಾಸ್ತಿ. ಇಬ್ಬರು ಕೂರೋದು ಇದ್ದೇ ಇರುತ್ತೆ. ಹಂಗಾಗಿ ಕುರ್ಚಿ ತೂಕ ಸೇರಿಸಿ ಎಲ್ಲಾ ಹಿಡಿದು ಸರಳು, ಚೈನು, ಸ್ಲ್ಯಾಬ್ ಕೊಕ್ಕೆ ಮೂರನ್ನೂ ಅದಕ್ಕೆ ತಕ್ಕಂಗೆ ನೋಡಬೇಕು.

ಜೋಲಿ ವಿಷಯಕ್ಕೆ ಬರ್ತೀನಿ, ನಾನು ಇದನ್ನ ಬರೆಯೋಕೆ ಮುಖ್ಯ ಕಾರಣ ಅದೇ. ಸೀರೆ ಜೋಲಿಗೆ ಈಗ ಎಲ್ಲಾ ಕಡೆ ಸ್ಪ್ರಿಂಗ್ ಸಿಗುತ್ತೆ, ಮಗು ಕೈಕಾಲು ಆಡಿಸಿದ್ರೆ ತಾನೇ ಆಡುತ್ತೆ ಅಂತ ಬಾಣಂತಿ ಮನೆಗಳಲ್ಲಿ ತಗೊಳ್ತಾರೆ. ಅದು ಹೆಚ್ಚಾಗಿ ಬರೀ ಎಳೆಯೋ ಸ್ಪ್ರಿಂಗ್. ಹುಟ್ಟಿದಾಗ ಮೂರು ಕೆ.ಜಿ. ಇದ್ದ ಕೂಸು ವರ್ಷ ತುಂಬೋ ಹೊತ್ತಿಗೆ ಒಂಬತ್ತು ಹತ್ತು ಕೆ.ಜಿ. ಆಗಿರುತ್ತೆ, ಸ್ಪ್ರಿಂಗ್ ಮಾತ್ರ ಅದೇ, ಅಷ್ಟೊತ್ತಿಗೆ ಅದು ಎಷ್ಟು ಸಾವಿರ ಸಲ ಆಡಿದೆಯೋ. ಅಕ್ಕಂದಿರು, ತಂಗಿಯಂದಿರು ದಯವಿಟ್ಟು ಇದೊಂದು ಮಾಡ್ರಿ. ಸ್ಪ್ರಿಂಗಿನ ಒಳಗಿಂದ ಒಂದು ಗಟ್ಟಿ ನೈಲಾನ್ ಹಗ್ಗ ಹಾಯಿಸಿ, ಮೇಲೆ ತೊಲೆಗೋ ಸ್ಲ್ಯಾಬ್ ಕೊಕ್ಕೆಗೋ ನೇರವಾಗಿ ಕಟ್ಟಿ, ಕೆಳಗೆ ಜೋಲಿ ಬಳೆಗೆ ಕಟ್ಟಿಬಿಡ್ರಿ. ಸ್ಪ್ರಿಂಗಿನ ಕೊಕ್ಕೆಗೆ ಕಟ್ಟಬೇಡ್ರಿ, ಅದೇ ಮುರಿಯೋದು. ಹಗ್ಗ ಸ್ಪ್ರಿಂಗ್ ಪೂರ್ತಿ ಆಡಿದಾಗಿನ ಉದ್ದಕ್ಕಿಂತ ಒಂದೆರಡು ಇಂಚು ಮಾತ್ರ ಸಡಿಲ ಇರಲಿ. ಕೊಕ್ಕೆ ಹೋದ್ರೆ ಜೋಲಿ ಹಗ್ಗದ ಮೇಲೆ ನಿಲ್ಲುತ್ತೆ. ಬೇರೆ ದೇಶಗಳಲ್ಲಿ ಮೇಲಕ್ಕೆ ಎತ್ತೋ ಗ್ಯಾರೇಜ್ ಬಾಗಿಲಿನ ಎಳೆಯೋ ಸ್ಪ್ರಿಂಗ್ ಒಳಗೂ ಇದೇ ಥರ ಸ್ಟೀಲ್ ಕೇಬಲ್ ಹಾಯಿಸ್ತಾರೆ, ಮುರಿದ ತುಂಡು ಹಾರಿ ಹೊಡೀಬಾರದು ಅಂತ. ಸ್ಪ್ರಿಂಗ್ ಮೇಲೆ ಒಂದು ಬಟ್ಟೆ ಚೀಲ ಹೊಲಿದು ಹಾಕಿದ್ರೆ ದೊಡ್ಡ ಮಕ್ಕಳ ಬೆರಳು, ಕೂದಲು ಸುತ್ತಿನಲ್ಲಿ ಸಿಕ್ಕಲ್ಲ. ಡ್ರಾಬಾರ್‌ಗೂ ಆ ಚೀಲ ಬೇಕು, ಅದು ಭಾರ ಬಿದ್ದಾಗ ಮುಚ್ಚಿಕೊಳ್ಳೋದ್ರಿಂದ ಬೆರಳಿಗೆ ಇನ್ನೂ ಅಪಾಯ.

ಹೊಸದು ಮಾಡಿಸೋಕೆ ಹೋಗೋವಾಗ ಹಳೇ ಸ್ಪ್ರಿಂಗಿನ ಎಲ್ಲಾ ತುಂಡೂ ತಗೊಂಡು ಹೋಗ್ರಿ, ಮುರಿದ ಕೊಕ್ಕೆ ಚೂರು ಸಮೇತ, ಅದನ್ನೇ ಎಷ್ಟೋ ಜನ ಎಸೆದು ಬರ್ತಾರೆ. ತಂತಿ ದಪ್ಪ, ಹೊರ ವ್ಯಾಸ, ಸುತ್ತಿನ ಎಣಿಕೆ, ಕೊಕ್ಕೆ ಒಳಗಿಂದ ಕೊಕ್ಕೆ ಒಳಗಿನ ತನಕ ಉದ್ದ, ಇಷ್ಟು ಬೇಕು. ಇದೆಲ್ಲ ಕೊಟ್ಟೂ ಜನ ಮರೆಯೋದು ಒಂದಿದೆ, ಮಷಿನ್‌ನಲ್ಲಿ ಅದು ಎಲ್ಲಿಂದ ಎಲ್ಲಿ ತನಕ ಹಿಗ್ಗುತ್ತೆ ಅನ್ನೋದು. ಸ್ಪ್ರಿಂಗ್ ಹಾಕಿದ ಜಾಗದಲ್ಲಿ ಎರಡು ಪಿನ್ನಿನ ನಡುವೆ ಟೇಪ್ ಹಿಡಿದು ಸುಮ್ನೆ ಇದ್ದಾಗ ಒಂದು ಅಳತೆ, ಪೂರ್ತಿ ಎಳೆದಾಗ ಒಂದು ಅಳತೆ ಬರ್ಕೊಳ್ರಿ. ಅದಿಲ್ಲದೆ ಸುತ್ತೋರಿಗೆ ಕೊಕ್ಕೆ ಮೇಲೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕೋಕಾಗಲ್ಲ. ಡ್ರಾಬಾರ್ ಆದ್ರೆ ಹೊರಬೇಕಾದ ಭಾರ, ಎಷ್ಟು ಇಂಚು ಆಡಬೇಕು, ಮೇಲೆ ಕೆಳಗೆ ಎಷ್ಟು ಜಾಗ ಇದೆ ಈ ಮೂರು ಹೇಳಿದ್ರೆ ಸಾಕು.

ಹಾಕೋವಾಗ ಸ್ಕ್ರೂಡ್ರೈವರ್ ಸಿಗಿಸಿ ಮೀಟಬೇಡ್ರಿ, ಜಾರಿದ್ರೆ ಸ್ಪ್ರಿಂಗ್ ಮುಖಕ್ಕೆ ಬರುತ್ತೆ, ಜಾರದಿದ್ರೂ ಕೊಕ್ಕೆ ಒಳಬಾಗಿಗೆ ಗೀರು ಬೀಳುತ್ತೆ. ಬೈಕ್ ಸ್ಟ್ಯಾಂಡ್ ಸ್ಪ್ರಿಂಗಿಗೆ ನಾವು ಮಾಡೋದು ಹೀಗೆ. ಸ್ಪ್ರಿಂಗನ್ನ ವೈಸ್‌ಗೆ ಒಂದು ತುದಿ ಹಿಡಿಸಿ ಪಕ್ಕಕ್ಕೆ ಬಗ್ಗಿಸ್ತೀವಿ, ಹೊರಮೈ ಕಡೆ ಸುತ್ತು ಬಾಯಿ ಬಿಡುತ್ತಲ್ಲ, ಆ ಸಂದಿಗೆ ಒಂದೊಂದು ವಾಷರ್ ತೂರಿಸ್ತೀವಿ. ಆಮೇಲೆ ಇನ್ನೊಂದು ಪಕ್ಕಕ್ಕೆ ಬಗ್ಗಿಸಿ ಅಲ್ಲೂ ವಾಷರ್. ಹಂಗೇ ಎರಡೂ ಕಡೆ ತುಂಬ್ತಾ ಹೋದ್ರೆ ಸ್ಪ್ರಿಂಗ್ ತಾನೇ ಉದ್ದ ಆಗಿ ನಿಲ್ಲುತ್ತೆ, ಎರಡೂ ಕೊಕ್ಕೆ ಕೈಯಲ್ಲೇ ಪಿನ್ನಿಗೆ ಸಿಗುತ್ತೆ, ಸ್ಟ್ಯಾಂಡ್ ಒಂದ್ಸಲ ಕೆಳಗೆ ಮಾಡಿದ್ರೆ ಹಿಗ್ಗಿ ವಾಷರ್‌ಗಳೆಲ್ಲ ಉದುರಿ ಬೀಳ್ತವೆ, ಉಳಿದಿದ್ದನ್ನ ಇಕ್ಕಳದಲ್ಲಿ ತೆಗೀಬೇಕು. ಕನ್ನಡಕ ಹಾಕ್ಕೊಂಡೇ ಮಾಡ್ರಿ. ಕೆಲವು ಗಾಡಿ ಸ್ಟ್ಯಾಂಡಲ್ಲಿ ದೊಡ್ಡ ಸ್ಪ್ರಿಂಗ್ ಒಳಗೆ ಇನ್ನೊಂದು ಸಣ್ಣದು ಇರುತ್ತೆ, ಒಂದು ಮುರಿದ್ರೆ ಇನ್ನೊಂದು ಸ್ಟ್ಯಾಂಡ್ ಹಿಡಿದಿರಲಿ ಅಂತ. ಒಳಗಿಂದು ತುಕ್ಕು ಹಿಡಿದು ಮುರಿದಿದ್ರೆ ಅದನ್ನ ಬಿಟ್ಟು ಹೊರಗಿಂದು ಮಾತ್ರ ಹಾಕಿ ಕಳಿಸೋರು ಇದಾರೆ, ಎರಡೂ ಹಾಕಿಸ್ಕೊಳ್ರಿ. ಕೊಕ್ಕೆ ಬಾಯಿ ಯಾವ ಕಡೆ ಇತ್ತೋ ಅದೇ ಕಡೆಗೆ ಬರಬೇಕು, ತಿರುಗಿಸಿ ಹಾಕಿದ್ರೆ ಫ್ರೇಮಿಗೆ ಉಜ್ಜಿ ತಂತಿ ಸವೆಯುತ್ತೆ, ಹಂಗಾಗಿ ಹಳೇದನ್ನ ಬಿಚ್ಚೋ ಮೊದಲು ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಂಡಿರ್ರಿ.